ಮುಳಗುಂದದ ನಯಸೇನರು ಮತ್ತು ಅರಿಸಮಾಸ: ಜೋಡಣೆಯ ತರ್ಕವನ್ನು ಕುರಿತು

ಮುಳಗುಂದದಲ್ಲಿ ಶಕ 975ರ (ಕ್ರಿ.ಶ. 1053) ಶಾಸನವೊಂದಿದೆ. ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಸಂಧಿವಿಗ್ರಹಾಧಿಕಾರಿ ಬೆಲ್ದೇವನ ದಾನ ಅದರ ವಿಷಯ. ದಾನ ಪಡೆದವನು ನರೇಂದ್ರಸೇನನ ಶಿಷ್ಯ ನಯಸೇನ ಪಂಡಿತ. ಗುರುವನ್ನು ಹೊಗಳುವಾಗ ಶಾಸನಕವಿ ಚಾಂದ್ರ, ಕಾತಂತ್ರ, ಜೈನೇಂದ್ರ, ಪಾಣಿನೀಯ, ಐಂದ್ರ ಎಂದು ವ್ಯಾಕರಣಗಳ ಪಟ್ಟಿಯನ್ನೇ ಕೊಡುತ್ತಾನೆ. ನಿಯಮಗಳ ಅಧ್ಯಯನವೇ ಇಲ್ಲಿ ಒಂದು ವೃತ್ತಿಯಾಗಿತ್ತು, ಅದೂ ಗುರುಶಿಷ್ಯ ಪರಂಪರೆಯಲ್ಲಿ.

‘ಧರ್ಮಾಮೃತ’ದ (1112) ಕವಿ ನಯಸೇನನೂ ಇದೇ ಊರಿನವನು. ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ ನಯಸೇನನ ಮತವೊಂದನ್ನು ಹೆಸರಿಟ್ಟು ಹೇಳುತ್ತದೆ. ನಾಗವರ್ಮನನ್ನು 11ನೆಯ ಶತಮಾನಕ್ಕೆ ಸೇರಿಸುವ ವಿದ್ವಾಂಸರ ವಾದ ಒಪ್ಪಿದರೆ, ಆ ವೈಯಾಕರಣ ಕವಿಯಲ್ಲ, ಶಾಸನದ ಹಿರಿಯ ನಯಸೇನನೇ ಇರಬೇಕು.

ಕಿರಿಯ ನಯಸೇನನ ಪ್ರಸಿದ್ಧ ತಕರಾರು ಗೊತ್ತೇ ಇದೆ: ಕನ್ನಡದಲ್ಲಿ ಸಂಸ್ಕೃತ ತುರುಕುವುದು ತುಪ್ಪಕ್ಕೆ ಎಣ್ಣೆ ಬೆರಸಿದ ಹಾಗೆ. ಇದನ್ನು ಭಾಷಾಭಿಮಾನವೆಂದು ಓದುವುದು ರೂಢಿ. ನನಗೆ ಇದು ಜೋಡಣೆಯ ಪ್ರಶ್ನೆಯಾಗಿ ಕಾಣುತ್ತದೆ. ಸಂಸ್ಕೃತ ಪದಕ್ಕೆ ಕನ್ನಡ ಪದ ಸಮಾಸವಾಗಿ ಕೂಡಿದರೆ ಅದು ಅರಿಸಮಾಸವೆಂಬ ದೋಷ. ತಪ್ಪು ಎರಡು ಪದಗಳಲ್ಲಿ ಯಾವುದರದ್ದೂ ಅಲ್ಲ, ಕೂಡಿಕೆಯದು. 1940ರಲ್ಲಿ ತರ್ಕಶಾಸ್ತ್ರಜ್ಞ ಅಲಾಂಜೊ ಚರ್ಚ್ ಲ್ಯಾಮ್ಡಾ ಕಲನಕ್ಕೆ ಕೊಟ್ಟ ಟೈಪ್‌ಗಳ, ಅಂದರೆ ಯಾವುದು ಯಾವುದರೊಡನೆ ಕೂಡಬಹುದೆಂದು ಹೇಳುವ ಗುರುತುಗಳ, ಕೆಲಸವೂ ಅದೇ ಜಾತಿಯದು. ಇಂದು ಪ್ರೋಗ್ರಾಮ್‌ಗಳನ್ನು ಜೋಡಿಸುವಾಗ ಒಂದು ಭಾಗ ಕೊಡುವುದು ಮುಂದಿನದಕ್ಕೆ ಸಲ್ಲದಿದ್ದರೆ, ಟೈಪ್‌ಗಳನ್ನು ಮೊದಲೇ ಪರೀಕ್ಷಿಸುವ ಭಾಷೆಗಳಲ್ಲಿ ಕಂಪೈಲರ್ ಪ್ರೋಗ್ರಾಮ್ ಓಡುವ ಮೊದಲೇ ತಡೆಯುತ್ತದೆ.

ಹೋಲಿಕೆಯನ್ನು ಬಹಳ ಎಳೆಯಬಾರದು. ಹಳಬರಿಗೆ ಕಂಪ್ಯೂಟರ್ ಗೊತ್ತಿತ್ತೆಂಬ ಹುಸಿ ಹೆಮ್ಮೆ ನನಗೆ ಬೇಡ. ಆದರೆ ‘ಕಾಲ’ ಎಂಬ ಸಂಸ್ಕೃತ ಪದವನ್ನೇ ನೋಡಿ. ‘ಪೂರ್ವಕಾಲ’ದಲ್ಲಿ ಕಕಾರ ಹಾಗೇ ಉಳಿಯುತ್ತದೆ, ‘ಮಳೆಗಾಲ’ದಲ್ಲಿ ಆದೇಶವಾಗಿ ಗಕಾರವಾಗುತ್ತದೆ. ಪದ ಒಂದೇ, ಎದುರಿನ ಪದದ ಜಾತಿ ನೋಡಿ ಸಂಧಿನಿಯಮ ಬದಲಾಯಿತು. ಇನ್ನೂ ಸ್ವಾರಸ್ಯವೆಂದರೆ, ಕಟ್ಟುನಿಟ್ಟಾಗಿ ಹೇಳಿದರೆ ‘ಮಳೆಗಾಲ’ವೇ ಅರಿಸಮಾಸ, ಆದರೆ ಮುಳಗುಂದದ ರೈತ ಅದನ್ನು ಬಿಡುತ್ತಾನೆಯೇ? ವೈಯಾಕರಣ ಕೇಶಿರಾಜ ಇಂಥ ಒತ್ತಡವನ್ನು ಬಲ್ಲವನು. ಬಿರುದಾವಳಿಗೂ ಪೂರ್ವಕವಿಪ್ರಯೋಗಕ್ಕೂ ‘ಶಬ್ದಮಣಿದರ್ಪಣ’ದಲ್ಲಿ ವಿನಾಯಿತಿ ಕೊಟ್ಟ.

ವ್ಯಾಕರಣವನ್ನೂ ಪ್ರೋಗ್ರಾಮನ್ನೂ ಹೀಗೆ ಜೊತೆಗಿಟ್ಟು ನೋಡುವುದು ಹೊಸದಲ್ಲ: ಪಾಣಿನಿಯ ಸೂತ್ರಗಳಿಗೂ, ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣವನ್ನು ಬರೆಯುವ ಬ್ಯಾಕಸ್ ರೂಪಕ್ಕೂ ಇರುವ ನಂಟನ್ನು ಇಂಗರ್ಮನ್ 1967ರಲ್ಲೇ ಎತ್ತಿ ತೋರಿಸಿದ. ಕಂಪ್ಯೂಟರ್ ವಿಜ್ಞಾನದ ನಮ್ಮ ವಿದ್ಯಾರ್ಥಿಗಳು ಕೇಶಿರಾಜನ ಸಮಾಸಪ್ರಕರಣವನ್ನು, ಅದರ ವಿನಾಯಿತಿಗಳನ್ನು ಬಿಡದೆ, ಒಮ್ಮೆ ಪ್ರೋಗ್ರಾಮ್ ಆಗಿ ಬರೆದು ನೋಡಲಿ.