ಹೆಜ್ಜಾರ್ಲೆಗೆ ಸಿಕ್ಕ ಆಸರೆ ಗೂಬೆಗೂ ಸಿಗಲಿ

ಗಾಯಗೊಂಡ ಕಾಡುಹಕ್ಕಿಯನ್ನು ಎತ್ತಿ ತಂದು, ಸಾಕಿ, ಮತ್ತೆ ಹಾರಿಬಿಡುವುದು ಪೇಟೆಯವರ ಹವ್ಯಾಸ ಅಂತ ಅಂದುಕೊಂಡವರು ಬಹಳ ಜನ. ಆದರೆ ಈ ಕೆಲಸಕ್ಕೆ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಒಂದು ಚರಿತ್ರೆ ಇದೆ. ಅದನ್ನು ಮಾಡಿದವರು ಹಳ್ಳಿಯವರು. ಊರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು.

ಶಿಂಷಾ ನದಿಯ ಹತ್ತಿರದ ಈ ಊರಿಗೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಯಾವಾಗಿನಿಂದ ಬರುತ್ತಿವೆ ಅಂತ ಕೇಳಿದರೆ ಹಿರಿಯರು ಪ್ಲೇಗಿನ ಕಾಲದ ಕತೆ ಹೇಳುತ್ತಾರೆ. ಸುಮಾರು 1916ರಲ್ಲಿ ಪ್ಲೇಗ್ ಬಂದು, ಜನ ನದಿಯ ಕಡೆಯ ಹಳೇ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರಂತೆ. ಹಿಂದೆಯೇ ಹಕ್ಕಿಗಳೂ ಬಂದು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟಿದವಂತೆ. ಹೊರಗಿನ ಪ್ರಪಂಚಕ್ಕೆ ಈ ಊರು ಸರಿಯಾಗಿ ಗೊತ್ತಾಗಿದ್ದು 1976ರಲ್ಲಿ, ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ ಅವರು ಇಲ್ಲಿನ ಹೆಜ್ಜಾರ್ಲೆಗಳ ಬಗ್ಗೆ ದಾಖಲೆ ಮಾಡಿದ ಮೇಲೆ.

ಇದೇ ಜಿಲ್ಲೆಯ ರಂಗನತಿಟ್ಟಿಗೆ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲೇ ಪಕ್ಷಿಧಾಮದ ರಕ್ಷಣೆ ಸಿಕ್ಕಿತ್ತು. ಕೊಕ್ಕರೆ ಬೆಳ್ಳೂರಿನ ದಾರಿ ಬೇರೆ. ಇಲ್ಲಿ ಮರಗಳು ಸರ್ಕಾರದ್ದಲ್ಲ, ರೈತರ ಹಿತ್ತಲಿನವು. ಹಕ್ಕಿ ಕೂತ ಮರದಿಂದ ಹುಣಸೆ ಫಸಲು ಸರಿಯಾಗಿ ಕೈಗೆ ಬರುವುದಿಲ್ಲ, ಮೀನಿನ ವಾಸನೆ ಬೇರೆ. ಆದರೂ ಜನ ಓಡಿಸಲಿಲ್ಲ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಇದ್ದ ಹಾಗೆ ಅಂದರು. ಮರದ ಕೆಳಗೆ ಗುಂಡಿ ತೋಡಿ, ಕೆರೆಗೋಡು ಹಾಕಿ, ಹಿಕ್ಕೆಯನ್ನು ಗದ್ದೆಗೆ ಗೊಬ್ಬರ ಮಾಡಿಕೊಂಡರು. ಮುಂದೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡಲು ಶುರು ಮಾಡಿತು.

ಒಂದು ತೊಂದರೆ ಮಾತ್ರ ಉಳಿದಿತ್ತು. ಗಾಳಿಗೋ, ಮರಿಗಳ ಜಗಳಕ್ಕೋ ಗೂಡಿನಿಂದ ಕೆಳಗೆ ಬಿದ್ದ ಹೆಜ್ಜಾರ್ಲೆ ಮರಿಗೆ ತಾಯಿ ಇಳಿದು ಬಂದು ಉಣಿಸುವುದಿಲ್ಲ. ಅದು ಉಪವಾಸದಲ್ಲಿ ಸಾಯುತ್ತದೆ, ಇಲ್ಲವೇ ನಾಯಿ ಬಾಯಿಗೆ ಬೀಳುತ್ತದೆ. 1994ರ ಸುಮಾರಿಗೆ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಸಂಸ್ಥೆಯವರು ಊರಿನವರ ಜೊತೆ ಕೆಲಸ ಶುರು ಮಾಡಿದರು. ಊರಿನ ಹುಡುಗರು ಸೇರಿ 'ಹೆಜ್ಜಾರ್ಲೆ ಬಳಗ' ಆಯಿತು. ಬಿದ್ದ ಮರಿಗಳನ್ನು ತಂದು, ಬೇಲಿ ಹಾಕಿದ ಆವರಣದಲ್ಲಿ ಬಿಟ್ಟು, ಮೀನು ಹಾಕಿ ಬೆಳೆಸಿದರು. ರೆಕ್ಕೆ ಬಲಿತ ಮೇಲೆ ಅವು ತಮ್ಮ ಪಾಡಿಗೆ ಹಾರಿ ಹೋದವು. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶ ಎಂದು ಘೋಷಣೆಯಾಯಿತು. 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸಾಯತೊಡಗಿದಾಗ, ಹೊಟ್ಟೆಯಲ್ಲಿ ಪರಾವಲಂಬಿ ಹುಳು ಇರುವುದು ಮರಣೋತ್ತರ ಪರೀಕ್ಷೆಯಲ್ಲಿ ಕಂಡಿತು. ಆಗ ಊರು ಮನೆಮಂದಿ ಹೋದ ಹಾಗೆ ನೊಂದಿತು.

ಈಗ ಗೂಬೆಯ ವಿಷಯಕ್ಕೆ ಬರೋಣ. ಹೆಜ್ಜಾರ್ಲೆ ಬಂದರೆ ಮಳೆ ಬೆಳೆ ಚೆನ್ನ ಅಂತ ನಂಬಿದ ನಾವೇ, ಗೂಬೆ ಮನೆ ಮೇಲೆ ಕೂತರೆ ಸಾವು ಅಂತ ನಂಬಿದ್ದೇವೆ. ಯಾರದೋ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ನಮ್ಮ ಭಾಷೆಯಲ್ಲಿ 'ಗೂಬೆ ಕೂರಿಸುವುದು' ಅಂತಲೇ ಹೆಸರು. ಬುಡುಬುಡಿಕೆಯವರು ಹಾಲಕ್ಕಿ ಶಕುನ ನುಡಿಯುತ್ತಾ ಬಂದರೆ ಅಕ್ಕಿ ಕೊಟ್ಟು ಕಳಿಸುತ್ತೇವೆ. ಆ ಹಾಲಕ್ಕಿಯೂ ಸಣ್ಣ ಗೂಬೆಯೇ. ಬಂಗಾಳದಲ್ಲಿ ಇದೇ ಗೂಬೆ ಲಕ್ಷ್ಮಿಯ ವಾಹನ. ಅಂದರೆ ಅಪಶಕುನ ಇರುವುದು ಹಕ್ಕಿಯಲ್ಲಲ್ಲ, ನಾವು ಕೇಳಿ ಬೆಳೆದ ಮಾತಿನಲ್ಲಿ.

ಲೆಕ್ಕ ಹಾಕಿದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ರೈತನಿಗೆ ಗೂಬೆಯಷ್ಟು ಹತ್ತಿರದ ಹಕ್ಕಿ ಇನ್ನೊಂದಿಲ್ಲ. ಕಬ್ಬಿನ ಗದ್ದೆ ಇಲಿಗಳಿಗೆ ಒಳ್ಳೆಯ ಅಡಗುತಾಣ. ಹಳೇ ಗುಡಿ, ಪಾಳು ಮನೆಗಳಲ್ಲಿರುವ ಕಣಜ ಗೂಬೆಗೆ ಮುಖ್ಯ ಆಹಾರವೇ ಇಲಿ, ಹೆಗ್ಗಣ. ಇಲಿ ಪಾಷಾಣ ತಿಂದು ತೂರಾಡುವ ಇಲಿಯನ್ನು ಗೂಬೆ ಸುಲಭವಾಗಿ ಹಿಡಿಯುತ್ತದೆ. ಆ ವಿಷ ಗೂಬೆಗೂ ಏರುತ್ತದೆ. ಇನ್ನು ಕೆಲವು ರಾತ್ರಿ ರಸ್ತೆಯಲ್ಲಿ ವಾಹನಕ್ಕೆ, ತಂತಿಗೆ ಸಿಕ್ಕಿ ರೆಕ್ಕೆ ಮುರಿದುಕೊಳ್ಳುತ್ತವೆ.

ಹೆಜ್ಜಾರ್ಲೆ ಬಳಗದ ದಾರಿ ಗೂಬೆಗೂ ಆಗುತ್ತದೆ, ಆದರೆ ಒಂದು ವ್ಯತ್ಯಾಸ ನೆನಪಿರಲಿ. ನೆಲದಲ್ಲಿ ಸಿಕ್ಕಿದ ಗೂಬೆ ಮರಿಗಳೆಲ್ಲ ಅನಾಥವಲ್ಲ. ಹಾರಲು ಕಲಿಯುವ ಮೊದಲೇ ಅವು ಪೊಟರೆಯಿಂದ ಹೊರಗೆ ಬರುತ್ತವೆ, ತಂದೆತಾಯಿ ಹತ್ತಿರದಲ್ಲೇ ಇದ್ದು ಉಣಿಸುತ್ತವೆ. ಗರಿ ಬಂದಿದ್ದು, ಗಾಯ ಇಲ್ಲದಿದ್ದರೆ, ನಾಯಿ ಬೆಕ್ಕಿಗೆ ಸಿಗದ ಹಾಗೆ ಅದೇ ಮರದ ಕೊಂಬೆ ಮೇಲೆ ಕೂರಿಸಿದರೆ ಸಾಕು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು.

ನಿಜವಾಗಿ ಗಾಯವಾಗಿದ್ದರೆ ಹಳೇ ಟವೆಲ್ ಹೊದಿಸಿ ಹಿಡಿಯಿರಿ, ಉಗುರು ಚೂಪು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಹಾಲು, ಅನ್ನ ಬೇಡ. ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸನಾಳಕ್ಕೆ ಇಳಿದರೆ ಅದೇ ಸಾವು. ಸೆಲ್ಫಿಗೆ ಗುಂಪು ಸೇರಿಸಬೇಡಿ. ಕೂಡಲೇ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಗೂಬೆಯನ್ನು ಮನೆಯಲ್ಲಿ ಸಾಕುವುದಾಗಲಿ, ಮಾರುವುದಾಗಲಿ ಅಪರಾಧ. ಮಾಟಮಂತ್ರಕ್ಕೆ ಗೂಬೆ ಕೇಳಿಕೊಂಡು ಬಂದವರ ಸುದ್ದಿಯನ್ನೂ ಇಲಾಖೆಗೆ ಮುಟ್ಟಿಸಿ.

ಮುಂದಿನ ಆರೈಕೆ ನಿಧಾನದ ಕೆಲಸ. ಮೂಳೆ ಕೂಡಿದರೂ, ಮುರಿದ ಗರಿ ಉದುರಿ ಹೊಸದು ಬರಲು ತಿಂಗಳುಗಟ್ಟಲೆ ಬೇಕು. ಸದ್ದಿಲ್ಲದೆ ಹಾರಿ, ಕತ್ತಲಲ್ಲಿ ತಾನೇ ಇಲಿ ಹಿಡಿಯುವುದು ಗೊತ್ತಾದ ಮೇಲೇ ಬಿಡಬೇಕು. ಜನರಿಗೆ ಹೊಂದಿಕೊಂಡ ಗೂಬೆ ಹೊರಗೆ ಬದುಕುವುದು ಕಷ್ಟ.

ಕೊಕ್ಕರೆ ಬೆಳ್ಳೂರಿನವರು ಹಕ್ಕಿಶಾಸ್ತ್ರ ಓದಿ ಹೆಜ್ಜಾರ್ಲೆ ಉಳಿಸಲಿಲ್ಲ. ಮೊದಲು ನಮ್ಮದು ಅಂದುಕೊಂಡರು, ಆರೈಕೆ ಮಾಡುವುದನ್ನು ಆಮೇಲೆ ಕಲಿತರು. ನಿಮ್ಮ ಗದ್ದೆ ಬದುವಿನ ತೆಂಗಿನ ಮರದಲ್ಲಿ ರಾತ್ರಿ ಕೂಗುವ ಹಕ್ಕಿಯೂ ನಿಮ್ಮೂರಿನದೇ. ಅದು ಕೂಗಿದರೆ ಕಲ್ಲು ಎತ್ತಿಕೊಳ್ಳುವ ಮೊದಲು, ಆ ಗದ್ದೆಯ ಇಲಿಗಳನ್ನು ಹಿಡಿಯುತ್ತಿರುವವರು ಯಾರು ಅಂತ ಒಂದು ಸಲ ಯೋಚಿಸಿ.