ಶಿವಮೊಗ್ಗ, ಭದ್ರಾವತಿಗಳ ಮತದಾರರು: ಒಲವು ಮತ್ತು ಗೈರುಹಾಜರಿ

ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ನಡುವಣ ಅಂತರ ಸುಮಾರು 20 ಕಿಲೋಮೀಟರು. ಲೋಕಸಭೆಗೆ ಒಂದೇ ಕ್ಷೇತ್ರವಾಗಿ ಮತ ನೀಡುವ ಈ ನೆರೆಯೂರುಗಳು ವಿಧಾನಸಭೆಗೆ ಮಾತ್ರ ಬೇರೆ ಬೇರೆ ಬಗೆಯ ಪ್ರತಿನಿಧಿಗಳನ್ನು ಕಳುಹಿಸುತ್ತ ಬಂದಿವೆ. ಈ ಭೇದವನ್ನೂ, ಮತದಾನದ ಶೇಕಡಾ ಪ್ರಮಾಣದಿಂದ ಒಂದು ಬಡಾವಣೆಯ ಮನೋಧರ್ಮವನ್ನು ಎಷ್ಟರಮಟ್ಟಿಗೆ ಅರಿಯಬಹುದೆಂಬುದನ್ನೂ ಇಲ್ಲಿ ವಿಚಾರಮಾಡಲು ನಾವು ಉದ್ದೇಶಿಸಿದ್ದೇವೆ.

1881ರಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಕಾಲದಲ್ಲಿ ಮತದ ಹಕ್ಕು ಆಸ್ತಿ ಕಂದಾಯಗಳಿಗೆ ಕಟ್ಟುಬಿದ್ದುದಾಗಿತ್ತು. 1951-52ರ ಮಹಾಚುನಾವಣೆಯಲ್ಲಿ ಅದು 21 ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ದೊರೆಯಿತು. ಕಾಗೋಡು ಸತ್ಯಾಗ್ರಹದ ಬೆನ್ನಿಗೇ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದಿಂದ ಗೆದ್ದುದು ಆಗಲೇ. ಈ ಜಿಲ್ಲೆಯ ರಾಜಕೀಯವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಇಲ್ಲಿಂದ ಹೊರಟು ಗೇಣಿದಾರನ ಕಥೆಯನ್ನೇ ಹೇಳುತ್ತಾರೆ. ಪಟ್ಟಣದ ಬೀದಿ ಅವರ ಕಣ್ಣಿಗೆ ಬಿದ್ದುದು ಕಡಮೆ.

ಶಿವಮೊಗ್ಗ ಪೇಟೆ, ಕಚೇರಿ, ಶಾಲೆಗಳ ಊರು. 1983ರಲ್ಲಿ ಇಲ್ಲಿ ಭಾರತೀಯ ಜನತಾ ಪಕ್ಷದ ಎಂ. ಆನಂದರಾವ್ ಗೆದ್ದರು, 1985ರಲ್ಲಿ ಕಾಂಗ್ರೆಸ್ಸಿನ ಕೆ. ಎಚ್. ಶ್ರೀನಿವಾಸ್. 1989ರಲ್ಲಿ ಕೆ. ಎಸ್. ಈಶ್ವರಪ್ಪನವರು ಮೊದಲ ಬಾರಿ ಆಯ್ಕೆಯಾದ ಮೇಲೆ, 1999 ಮತ್ತು 2013ನ್ನು ಬಿಟ್ಟರೆ ಕ್ಷೇತ್ರವು ಅದೇ ಪಕ್ಷದ ಕೈಯಲ್ಲಿ ಉಳಿದಿದೆ. 2013ರ ಫಲಿತಾಂಶವನ್ನು ನಾವು ತುಸು ನಿಂತು ನೋಡಬೇಕು. ಕಾಂಗ್ರೆಸ್ಸಿನ ಕೆ. ಬಿ. ಪ್ರಸನ್ನಕುಮಾರ್ ಗೆದ್ದುದು ಕೇವಲ 278 ಮತಗಳಿಂದ. ಎರಡನೆಯವರಾದ ಎಸ್. ರುದ್ರೇಗೌಡರು ಯಡಿಯೂರಪ್ಪನವರು ಕಟ್ಟಿದ ಕರ್ನಾಟಕ ಜನತಾ ಪಕ್ಷದವರು; ಈಶ್ವರಪ್ಪನವರು ಮೂರನೆಯವರು. ಪಕ್ಷ ಒಡೆಯಿತು, ಮತಗಳು ಹಂಚಿಹೋದವು. ಬೀದಿಯ ಒಲವು ಬದಲಾಯಿತೆಂದು ಹೇಳಲು ಆಧಾರವಿಲ್ಲ. ಪಕ್ಷ ಮತ್ತೆ ಒಂದಾಗಿದ್ದ 2018ರಲ್ಲಿ ಈಶ್ವರಪ್ಪನವರ ಅಂತರ 46,000ವನ್ನು ಮೀರಿತು. ಶಾಸಕರ ಹೆಸರು ಬದಲಾದುದನ್ನೇ ಜನಮನ ಬದಲಾದುದೆಂದು ಬಗೆಯುವುದು ಅವಸರದ ನಿರ್ಣಯವೆಂಬುದು ಇದರಿಂದ ವಿದಿತವಾಗುತ್ತದೆ.

ಭದ್ರಾವತಿಯ ಪರಿ ಬೇರೆ. ಬೆಂಕಿಪುರವೆಂದು ಹೆಸರಾಗಿದ್ದ ಈ ಸ್ಥಳದಲ್ಲಿ ವಿಶ್ವೇಶ್ವರಯ್ಯನವರ ಯೋಜನೆಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು; ಮುಂದೆ ಕಾಗದದ ಕಾರ್ಖಾನೆಯೂ ಬಂದಿತು. ನ್ಯೂಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳು ಕಾರ್ಖಾನೆಯಿಂದಲೇ ಹುಟ್ಟಿದವು. ನೆರೆನಾಡುಗಳಿಂದ ಬಂದ, ಹಲವು ಭಾಷೆಗಳನ್ನಾಡುವ ಕಾರ್ಮಿಕರು ಒಂದೇ ಸಾಲಿನ ವಸತಿಗೃಹಗಳಲ್ಲಿ ನೆಲೆಸಿದರು. 1994, 1999ರಲ್ಲಿ ಎಂ. ಜೆ. ಅಪ್ಪಾಜಿಗೌಡರೂ, 2004ರಲ್ಲಿ ಬಿ. ಕೆ. ಸಂಗಮೇಶ್ವರರೂ ಇಲ್ಲಿ ಗೆದ್ದುದು ಪಕ್ಷೇತರರಾಗಿ. ಅನಂತರ ಒಬ್ಬರು ಜನತಾ ದಳದಿಂದ, ಮತ್ತೊಬ್ಬರು ಕಾಂಗ್ರೆಸ್ಸಿನಿಂದ ನಿಂತರೂ ಸ್ಪರ್ಧೆ ಆ ಎರಡು ಮನೆಗಳ ನಡುವೆಯೇ ಉಳಿಯಿತು. 2020ರಲ್ಲಿ ಅಪ್ಪಾಜಿಯವರು ತೀರಿಕೊಂಡ ಮೇಲೂ, 2023ರಲ್ಲಿ ಶಾರದಾ ಅಪ್ಪಾಜಿಯವರು 2,705 ಮತಗಳಿಂದ ಮಾತ್ರ ಸೋತರು. ಜಿಲ್ಲೆಯಲ್ಲಿ ಇಷ್ಟು ಬಲವುಳ್ಳ ಭಾರತೀಯ ಜನತಾ ಪಕ್ಷ 2023ರವರೆಗೂ ಈ ಕ್ಷೇತ್ರವನ್ನು ಗೆದ್ದಿಲ್ಲ. ಕೆಲಸ, ಕ್ವಾರ್ಟರ್ಸು, ಗುತ್ತಿಗೆ ಇವೆಲ್ಲಕ್ಕೂ ಯಾರ ಬಾಗಿಲಿಗೆ ಹೋಗಬೇಕೆಂಬುದು ಮುಖ್ಯವಾದ ಊರಿನಲ್ಲಿ, ಪಕ್ಷದ ಚಿಹ್ನೆಗಿಂತ ಆಳಿನ ಪರಿಚಯವೇ ಹೆಚ್ಚಾದುದು ಸಹಜವೆಂದು ನಮಗೆ ತೋರುತ್ತದೆ.

ಇನ್ನು ಮತದಾನದ ಪ್ರಮಾಣ. 2018ರ ನವೆಂಬರಿನಲ್ಲಿ ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಉಪಚುನಾವಣೆ ನಡೆದಾಗ ಮತ ನೀಡಿದವರು ಶೇಕಡಾ ಸುಮಾರು 61. ಆರು ತಿಂಗಳೂ ಕಳೆಯದೆ, 2019ರ ಏಪ್ರಿಲಿನಲ್ಲಿ ಅದು ಶೇಕಡಾ 76ರಷ್ಟಾಯಿತು. ಎರಡು ಸಲವೂ ಮುಖ್ಯ ಸ್ಪರ್ಧಿಗಳು ಬಿ. ವೈ. ರಾಘವೇಂದ್ರ ಮತ್ತು ಮಧು ಬಂಗಾರಪ್ಪನವರೇ. ಗೆಲುವಿನ ಅಂತರ ಮಾತ್ರ 52,000ದಿಂದ 2,23,000ಕ್ಕೆ ಏರಿತು. ಕೆಲವೇ ತಿಂಗಳ ಅವಧಿಯ ಸ್ಥಾನಕ್ಕಾಗಿ ಕೆಲಸ ಬಿಟ್ಟು ಸಾಲಿನಲ್ಲಿ ನಿಲ್ಲದವನು ಉದಾಸೀನನಲ್ಲ, ಲೆಕ್ಕ ಬಲ್ಲವನು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಮತದಾರರ ಪಟ್ಟಿಯದು. ಶೇಕಡಾ ಪ್ರಮಾಣವೆಂದರೆ ಪಟ್ಟಿಯ ಹೆಸರುಗಳಲ್ಲಿ ಬಂದವರೆಷ್ಟು ಎಂಬುದೇ ಹೊರತು, ಆ ಬೀದಿಯ ನಿವಾಸಿಗಳಲ್ಲಿ ಬಂದವರೆಷ್ಟು ಎಂಬುದಲ್ಲ. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು 2023ರ ಜನವರಿಯಲ್ಲಿ ಉಕ್ಕು ಪ್ರಾಧಿಕಾರ ಪ್ರಕಟಿಸಿದಾಗ ಗುತ್ತಿಗೆ ಕಾರ್ಮಿಕರು ಚಳವಳಿಗಿಳಿದರು. ಅದೇ ವರ್ಷ ಉತ್ಪಾದನೆ ಮತ್ತೆ ಆರಂಭವಾಯಿತು. ಇಂಥ ಕಾಲದಲ್ಲಿ ನಿವೃತ್ತನಾಗಿ ವಸತಿಗೃಹ ಬಿಟ್ಟವನೂ, ಬೆಂಗಳೂರಿಗೆ ದುಡಿಯಲು ಹೋದ ಅವನ ಮಗನೂ ಪಟ್ಟಿಯಿಂದ ಹೆಸರು ತೆಗೆಸಲು ಅರ್ಜಿ ಸಲ್ಲಿಸುವುದು ಎಷ್ಟರ ಮಾತು? ಹೆಸರುಗಳು ಉಳಿಯುತ್ತವೆ, ಆಳು ಇರುವುದಿಲ್ಲ. ಉಳಿದ ಮನೆಗಳವರೆಲ್ಲ ತಪ್ಪದೆ ಮತ ನೀಡಿದರೂ ಲೆಕ್ಕದಲ್ಲಿ ಆ ಬೀದಿ ಸೋಮಾರಿಯೆನಿಸುತ್ತದೆ. ಕೆಲಸ ಕಳೆದುಕೊಂಡ ಬಡಾವಣೆಗೆ ನಾಗರಿಕ ಪ್ರಜ್ಞೆಯಿಲ್ಲವೆಂಬ ಹೆಸರನ್ನೂ ಹೊರಿಸಿದರೆ ಅನ್ಯಾಯವಾದೀತು.

ಆದಕಾರಣ ಮತಗಟ್ಟೆವಾರು ಅಂಕಿಗಳನ್ನು ಓದುವ ಮೊದಲು, ನ್ಯೂಟೌನಿನ ಒಂದು ಬೀದಿಯನ್ನೂ ಶಿವಮೊಗ್ಗದ ದುರ್ಗಿಗುಡಿಯ ಒಂದು ಬೀದಿಯನ್ನೂ ಆಯ್ದುಕೊಂಡು, ಪಟ್ಟಿಯನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಹೋಗಿ, ಪ್ರತಿ ಹೆಸರಿನ ಮುಂದೆ ಇದ್ದಾರೆ, ಊರು ಬಿಟ್ಟಿದ್ದಾರೆ, ತೀರಿಕೊಂಡಿದ್ದಾರೆ ಎಂದು ಗುರುತು ಹಾಕಬೇಕು. ವಿದ್ಯಾರ್ಥಿಗಳಿಗೆ ಇದು ನಾಲ್ಕಾರು ದಿನಗಳ ಕೆಲಸ. ಬೀಗ ಹಾಕಿದ ಮನೆಗಳ ವಿಷಯವನ್ನು ಪಕ್ಕದ ಮನೆಯವರೂ ಅಂಚೆಯವರೂ ಹೇಳಬಲ್ಲರು.