ಥಾಮಸ್ ಮನ್ರೋ ಮತ್ತು ಧಾರವಾಡ ಸೀಮೆಯ ದಂಡಯಾತ್ರೆ

ಸರ್ ಥಾಮಸ್ ಮನ್ರೋ (೨೭ ಮೇ ೧೭೬೧ – ೬ ಜುಲೈ ೧೮೨೭) ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ, ಕಂದಾಯ ಆಡಳಿತಗಾರ ಹಾಗೂ ಮದರಾಸಿನ ಗವರ್ನರ್. ಮೂರನೆಯ ಆಂಗ್ಲ-ಮರಾಠಾ ಯುದ್ಧದಲ್ಲಿ (೧೮೧೭–೧೮) ಬ್ರಿಗೇಡಿಯರ್ ಜನರಲ್ ಪದವಿಯಿಂದ ದಂಡೆತ್ತಿ ಬಂದು, ಇಂದಿನ ಧಾರವಾಡ, ಗದಗ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಬಹುಭಾಗವನ್ನು ಪೇಶ್ವೆಯ ಆಳ್ವಿಕೆಯಿಂದ ಕಸಿದುಕೊಂಡವನು ಈತನೇ. ಕನ್ನಡ ಓದುಗರು ಮನ್ರೋನನ್ನು ಹೆಚ್ಚಾಗಿ ರೈತವಾರಿ ಪದ್ಧತಿಯಿಂದಲೂ ಮಂತ್ರಾಲಯದ ಪ್ರತೀತಿಯಿಂದಲೂ ಬಲ್ಲರು. ಅವನ ಸೈನಿಕ ಜೀವನ ಅಷ್ಟಾಗಿ ಪರಿಚಿತವಲ್ಲ.

ಆರಂಭಿಕ ಜೀವನ

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವರ್ತಕನ ಮಗನಾಗಿ ಹುಟ್ಟಿದ ಮನ್ರೋ ೧೭೮೦ರಲ್ಲಿ ಕಾಲಾಳು ಪಡೆಯ ಕೆಡೆಟ್ ಆಗಿ ಮದರಾಸಿಗೆ ಬಂದನು. ಅದೇ ವರ್ಷ ಹೈದರಾಲಿಯೊಡನೆ ಯುದ್ಧ ಆರಂಭವಾಯಿತು. ೧೭೯೨ರ ಬಳಿಕ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡನ ಕೈಕೆಳಗೆ ಕಂದಾಯದ ಕೆಲಸ ಕಲಿತನು. ಟಿಪ್ಪುವಿನ ಪತನಾನಂತರ ಕೆನರಾದಲ್ಲಿ, ೧೮೦೦ರಿಂದ ೧೮೦೭ರವರೆಗೆ ಬಳ್ಳಾರಿಯನ್ನೊಳಗೊಂಡ ದತ್ತ ಮಂಡಲಗಳಲ್ಲಿ ಕಲೆಕ್ಟರ್ ಆಗಿದ್ದನು. ೧೮೦೦ರ ಜುಲೈನಲ್ಲಿ ಆರ್ಥರ್ ವೆಲ್ಲೆಸ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟುತ್ತ ಸಂಶಿಗೆ ನೆರೆಯ ಕುಂದಗೋಳದ ಕೋಟೆಯನ್ನು ಮುತ್ತಿ ಹಿಡಿದಾಗ, ಕೆನರಾದಲ್ಲಿದ್ದ ಮನ್ರೋ ಅವನೊಡನೆ ಪತ್ರವ್ಯವಹಾರ ನಡೆಸುತ್ತಿದ್ದನು. ಈ ಸೀಮೆಯ ಪರಿಚಯ ಹೀಗೆ ಹದಿನೇಳು ವರ್ಷ ಮೊದಲೇ ಆಗಿತ್ತು.

೧೮೧೭–೧೮ರ ದಂಡಯಾತ್ರೆ

೧೮೧೭ರ ಜೂನ್ ತಿಂಗಳ ಪುಣೆ ಒಪ್ಪಂದದಂತೆ ಎರಡನೆಯ ಬಾಜೀರಾವ್ ಪೇಶ್ವೆಯು ಧಾರವಾಡ ಮತ್ತು ಕುಸುಗಲ್ಲುಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಅವನ್ನು ವಹಿಸಿಕೊಳ್ಳಲು ನಿಯುಕ್ತನಾದ ಮನ್ರೋಗೆ ಆಗ ೫೬ ವರ್ಷ, ಕಿವಿಯೂ ಮಂದವಾಗಿತ್ತು. ಅಕ್ಟೋಬರಿನಲ್ಲಿ ಸಂಡೂರನ್ನು ವಶಪಡಿಸಿಕೊಂಡು ಹಿಂದಿರುಗುವಷ್ಟರಲ್ಲಿ, ನವೆಂಬರ್ ೫ರಂದು ಪುಣೆಯ ಬಳಿಯ ಖಡಕಿಯಲ್ಲಿ ಯುದ್ಧ ಸಿಡಿಯಿತು. ಸೇನಾಪತ್ಯವನ್ನು ಬಯಸಿದ್ದ ಅವನಿಗೆ ಬ್ರಿಗೇಡಿಯರ್ ಜನರಲ್ ಪದವಿಯೇನೋ ದೊರೆಯಿತು, ಪದವಿಗೆ ತಕ್ಕ ಸೈನ್ಯ ದೊರೆಯಲಿಲ್ಲ. ದೊಡ್ಡ ದಳಗಳೆಲ್ಲ ಉತ್ತರಕ್ಕೆ ಹೋಗಿದ್ದವು. ಧಾರವಾಡದಲ್ಲಿ ಉಳಿದದ್ದು ಕೆಲವೇ ಕಂಪನಿ ಸಿಪಾಯಿಗಳು.

ಮನ್ರೋ ಅನುಸರಿಸಿದ ಉಪಾಯ ಸೈನಿಕನದ್ದಕ್ಕಿಂತ ಹೆಚ್ಚಾಗಿ ಕಂದಾಯಾಧಿಕಾರಿಯದು. ಇನ್ನೂ ಶತ್ರುವಿನ ಕೈಯಲ್ಲಿದ್ದ ತಾಲ್ಲೂಕುಗಳಿಗೇ ಅಮಲ್ದಾರರನ್ನು ನೇಮಿಸಿ ಕಳುಹಿಸಿದನು. ಅವರು ಸ್ಥಳೀಯ ಪೇದೆಗಳನ್ನು ಕೂಡಿಸಿಕೊಂಡು ಹಳ್ಳಿಗಳನ್ನು ವಶಕ್ಕೆ ತಂದುಕೊಳ್ಳಬೇಕು, ಕಂದಾಯ ಎತ್ತಬೇಕು. ಆ ಹಣದಿಂದಲೇ ಪೇದೆಗಳ ಸಂಬಳ ಸಾಗಬೇಕು. ಪೇಶ್ವೆಯ ವಸೂಲಿಯೂ ಅದರೊಡನೆಯೇ ನಿಲ್ಲುತ್ತಿತ್ತು. ಇಜಾರೆದಾರರ ಕಾಟದಿಂದ ಬೇಸತ್ತಿದ್ದ ರೈತರು ಹಲವೆಡೆ ಮರಾಠಾ ಕಾವಲು ಪಡೆಗಳನ್ನು ಹೊರಗಟ್ಟಲು ನೆರವಾದರು. ಇದನ್ನು ಕಂಪನಿಯ ಮೇಲಿನ ಪ್ರೀತಿಯೆಂದು ಬಣ್ಣಿಸಿದ ಇಂಗ್ಲಿಷ್ ಬರಹಗಾರರ ಮಾತನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಹಳೆಯ ಒಡೆಯನ ಮೇಲಿನ ಸಿಟ್ಟು ಎಂದರೆ ಸಾಕು.

ಮೊದಲ ಪರೀಕ್ಷೆ ನವಲಗುಂದದಲ್ಲಿ ನಡೆಯಿತು. ರಾಮರಾವ್ ಎಂಬ ದೇಶೀಯ ಅಧಿಕಾರಿ ಸುಮಾರು ೫೦೦ ಪೇದೆಗಳೊಂದಿಗೆ ಅಲ್ಲಿದ್ದ ಗೋಖಲೆಯವರ ಕುದುರೆ ಪಡೆಯನ್ನು ಸೋಲಿಸಿದನು. ಶತ್ರುಗಳು ಮರಳಿ ಮುತ್ತಿದಾಗ, ಡಿಸೆಂಬರಿನಲ್ಲಿ ಮನ್ರೋ ಸ್ವತಃ ಧಾರವಾಡದಿಂದ ನಡೆದು ಬಂದು ಕೋಟೆಯನ್ನು ಉಳಿಸಿಕೊಂಡನು. ೧೮೧೮ರ ಜನವರಿಯಲ್ಲಿ ಗದಗ, ಡಂಬಳ, ಹುಬ್ಬಳ್ಳಿ, ಮಿಶ್ರಿಕೋಟಿಗಳು ಒಂದರ ಹಿಂದೊಂದು ಕೈಸೇರಿದವು. ಫೆಬ್ರವರಿಯಲ್ಲಿ ಬಾದಾಮಿಯ ಗುಡ್ಡದ ಕೋಟೆ, ಬಳಿಕ ಬಾಗಲಕೋಟೆ; ಏಪ್ರಿಲಿನಲ್ಲಿ, ಸುಮಾರು ಮೂರು ವಾರಗಳ ಮುತ್ತಿಗೆಯ ತರುವಾಯ, ಬೆಳಗಾವಿ. ಪ್ರಿಟ್ಜ್ಲರನ ದಳವೂ ಬಂದು ಕೂಡಿಕೊಂಡ ಮೇಲೆ, ಮೇ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಪೇಶ್ವೆಯ ಉಳಿದ ಕಾಲಾಳು ಪಡೆ ಚದುರಿತು. ಜೂನ್‌ನಲ್ಲಿ ಬಾಜೀರಾವ್ ಜಾನ್ ಮಾಲ್ಕಮನಿಗೆ ಶರಣಾದನು. ಮರುವರ್ಷ ಜಾರ್ಜ್ ಕ್ಯಾನಿಂಗ್ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮನ್ರೋನನ್ನು ಹೊಗಳಿದನು. ಕೋಟೆಗಳನ್ನು ಗೆದ್ದುಕೊಟ್ಟ ಪೇದೆಗಳ ಪೈಕಿ ಹೆಸರು ಉಳಿದವರು ತೀರ ವಿರಳ.

ಪಟವರ್ಧನರು ಮತ್ತು ಕುಂದಗೋಳ

ಎಲ್ಲ ಸೀಮೆಯೂ ನೇರವಾಗಿ ಕಂಪನಿಯ ಪಾಲಾಗಲಿಲ್ಲ. ಪಟವರ್ಧನ ಜಹಗೀರುದಾರರನ್ನು ಪೇಶ್ವೆಯಿಂದ ಬೇರ್ಪಡಿಸುವುದು ಇಂಗ್ಲಿಷರ ನೀತಿಯಾಗಿತ್ತು. ಅವರ ಜಹಗೀರುಗಳು ಉಳಿದವು. ಆದಕಾರಣ ಕುಂದಗೋಳವು ಜಮಖಂಡಿ ಸಂಸ್ಥಾನದ ಭಾಗವಾಗಿಯೇ ಮುಂದುವರಿದು, ೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾದಾಗ ಮುಂಬಯಿ ಪ್ರಾಂತವನ್ನು ಸೇರಿತು. ಕೆಲವೇ ಹರದಾರಿ ದೂರದ ಹುಬ್ಬಳ್ಳಿಯಲ್ಲಿ ಬ್ರಿಟಿಷ್ ಆಡಳಿತ, ಇಲ್ಲಿ ಸಂಸ್ಥಾನದ ಆಡಳಿತ ಎಂಬ ಭೇದದ ಮೂಲ ಈ ಯುದ್ಧದಲ್ಲಿದೆ.

ನಂತರದ ವರ್ಷಗಳು

ಆರೋಗ್ಯ ಕೆಟ್ಟಿದ್ದರಿಂದ ಮನ್ರೋ ೧೮೧೮ರಲ್ಲೇ ಅಧಿಕಾರ ಬಿಟ್ಟನು. ಧಾರವಾಡದ ಹೊಣೆ ಚಾಪ್ಲಿನ್‌ಗೆ ಹೋಯಿತು. ಮುಂದೆ ಆ ಸ್ಥಾನಕ್ಕೆ ಬಂದ ಥ್ಯಾಕರೆ ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರಿನಲ್ಲಿ ಹತನಾದನು. ಗೆದ್ದ ಸೀಮೆ ಮದರಾಸಿಗೆ ಸೇರದೆ ಮುಂಬಯಿ ಆಡಳಿತಕ್ಕೆ ಹೋಯಿತು. ಮೇಜರ್ ಜನರಲ್ ಪದವಿ ಮತ್ತು ‘ಸರ್’ ಬಿರುದು ಪಡೆದ ಮನ್ರೋ ೧೮೨೦ರಿಂದ ಮದರಾಸಿನ ಗವರ್ನರ್ ಆಗಿದ್ದು, ದತ್ತ ಮಂಡಲಗಳ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾ ರೋಗದಿಂದ ಮೃತನಾದನು.